ಏಣಿ ಹಿಡಿದು ಮ್ಯಾನ್‌ಹೋಲ್‌ಗೆ ಇಳಿಯುತ್ತಿದ್ದ ಗಣಿತಜ್ಞ

ರ್‍ಯಾಬಿಟ್‌ಎಂಕ್ಯೂ ಇನ್‌ಸ್ಟಾಲ್ ಮಾಡೋಕೆ ಹೋದವರಿಗೆಲ್ಲ ಇದು ಗೊತ್ತಿರುತ್ತೆ. ಅದಕ್ಕೂ ಮೊದಲು ಎರ್ಲಾಂಗ್ ಅನ್ನೋ ಇನ್ನೊಂದು ಏನೋ ಇನ್‌ಸ್ಟಾಲ್ ಆಗಬೇಕು, ಇಲ್ಲಾಂದ್ರೆ ಮುಂದಕ್ಕೆ ಹೋಗಲ್ಲ. ನಾವೂ ಅದನ್ನ ಹಾಗೇ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿ ಮುಗಿಸಿದ್ವಿ. ಅದೊಂದು ಪ್ರೋಗ್ರಾಮಿಂಗ್ ಭಾಷೆ ಅಂತ ಗೊತ್ತಿತ್ತು. ಅದೊಬ್ಬ ಮನುಷ್ಯನ ಹೆಸರು ಅಂತ ಗೊತ್ತಿರಲಿಲ್ಲ. ಆ ಮನುಷ್ಯ ತೀರಿಕೊಂಡು ತೊಂಬತ್ತು ವರ್ಷದ ಮೇಲಾಗಿದೆ, ಆತ ಕಂಪ್ಯೂಟರ್ ಅನ್ನೋ ವಸ್ತುವನ್ನೇ ನೋಡಿರಲಿಲ್ಲ, ಆದರೂ ನಮ್ಮ ಫೆಸ್ಟ್ ಆ್ಯಪ್‌ನ ಜಗಳವನ್ನ ಬಗೆಹರಿಸಿದ್ದು ಆತನೇ.

ಜಗಳ ಯಾವುದು ಅಂತ ಮೊದಲು ಹೇಳಿಬಿಡ್ತೀವಿ. ಫೆಸ್ಟ್ ರಿಜಿಸ್ಟ್ರೇಷನ್ ಆ್ಯಪ್‌ನಲ್ಲಿ ಐದು ಸರ್ವಿಸ್‌ಗಳಿವೆ: ಲಾಗಿನ್, ಈವೆಂಟ್ ಪಟ್ಟಿ, ರಿಜಿಸ್ಟ್ರೇಷನ್, ಪೇಮೆಂಟ್, ಮೆಸೇಜ್. ಕಳೆದ ವರ್ಷ ರಿಜಿಸ್ಟ್ರೇಷನ್ ಓಪನ್ ಆದ ಸಂಜೆ ಬಟನ್ ಒತ್ತಿದರೆ ಚಕ್ರ ತಿರುಗ್ತಾನೇ ಇತ್ತು. ದುಡ್ಡು ಕಟ್ ಆಗಿ ಹೆಸರು ಬರದೇ ಇದ್ದವರು ಹಾಸ್ಟೆಲ್ ರೂಮಿಗೇ ಬಂದು ಜೋರು ಮಾಡಿದ್ರು. ಎಲ್ಲರೂ ಬೈದಿದ್ದು ಪೇಮೆಂಟ್ ಸರ್ವಿಸ್‌ಗೆ, ಅದನ್ನ ಬರೆದ ಅಣ್ಣನಿಗೆ. ಈ ವರ್ಷ ಹಾಗಾಗಬಾರದು, ಒಂದು ಮಾನಿಟರಿಂಗ್ ಟೂಲ್ ಹಾಕೋಣ ಅಂತ ಶುರುವಾದ ಮೀಟಿಂಗ್ ಎರಡು ವಾರ ನಡೀತು. ಒಬ್ಬರಿಗೆ ಜೇಗರ್ ಬೇಕು, ಒಬ್ಬರಿಗೆ ಜಿಪ್ಕಿನ್, ಮತ್ತೊಬ್ಬರಿಗೆ ಪ್ರೊಮಿಥಿಯಸ್ ಒಂದೇ ಸಾಕು. ಇನ್ನೊಬ್ಬರು ದುಡ್ಡು ಕೊಟ್ಟು ತಗೊಳ್ಳೋ ಟೂಲ್‌ನ ಫ್ರೀ ಟ್ರಯಲ್ ತೋರಿಸಿದ್ರು. ಡ್ಯಾಶ್‌ಬೋರ್ಡ್ ನಿಜಕ್ಕೂ ಮದುವೆ ಮನೆ ಲೈಟಿಂಗ್ ಥರ ಚೆನ್ನಾಗಿತ್ತು. ಆದರೆ ಏನನ್ನ ಅಳೀಬೇಕು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಅದನ್ನ ಮೊದಲು ಕೇಳಿದವರ ಕಥೆ ಇದು.

ಆಗ್ನರ್ ಕ್ರಾರುಪ್ ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕ್‌ನ ಯುಟ್‌ಲ್ಯಾಂಡ್ ಪ್ರಾಂತ್ಯದ ಲೋನ್‌ಬೋರ್ ಅನ್ನೋ ಹಳ್ಳಿಯಲ್ಲಿ. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಅದೇ ಊರಿನ ಶಾಲೆ ಮೇಷ್ಟ್ರು, ಚರ್ಚಿನ ಗುಮಾಸ್ತರೂ ಹೌದು. ತಾಯಿ ಮಾಗ್ದಲೇನ ಕ್ರಾರುಪ್ ಪಾದ್ರಿಗಳ ಮನೆತನದವರು. ಆ ತಾಯಿಯ ಕಡೆಯ ಪೂರ್ವಜರಲ್ಲಿ ಒಬ್ಬರು ಥಾಮಸ್ ಫಿಂಕ್. ನಮ್ಮ ಕ್ಯಾಲ್ಕುಲೇಟರ್‌ನಲ್ಲಿ ಇರೋ ಟ್ಯಾನ್ ಬಟನ್ ಇದೆಯಲ್ಲ, ಟ್ಯಾಂಜೆಂಟ್ ಮತ್ತು ಸೀಕೆಂಟ್ ಅನ್ನೋ ಆ ಹೆಸರುಗಳನ್ನ 1583ರಲ್ಲಿ ಬಳಕೆಗೆ ತಂದವರು ಅವರೇ. ಪಿಯುಸಿಯಲ್ಲಿ ಯಾರಿಗೆ ಬೈದುಕೊಳ್ಳಬೇಕಿತ್ತು ಅಂತ ಈಗ ತಿಳೀತು.

ಮನೆಯಲ್ಲಿ ಅಣ್ಣ ಫ್ರೆಡರಿಕ್, ಇಬ್ಬರು ತಂಗಿಯರು. ಅಪ್ಪನ ಶಾಲೆಯಲ್ಲೇ ಓದು. ಸಂಜೆ ಅಣ್ಣ ಪುಸ್ತಕ ಹಿಡಿದು ಓದುವಾಗ ತಮ್ಮ ಎದುರಿಗೆ ಕೂತು ಅದೇ ಪುಸ್ತಕವನ್ನ ತಲೆಕೆಳಗಾಗಿ ಓದ್ತಿದ್ದನಂತೆ. ಒಂದೇ ಪುಸ್ತಕ, ಇಬ್ಬರು ಓದುಗರು, ಯಾರೂ ಯಾರಿಗೂ ಕಾಯಬೇಕಿಲ್ಲ. ಮುಂದೆ ಜೀವನಪೂರ್ತಿ ಕಾಯೋದರ ಲೆಕ್ಕವನ್ನೇ ಮಾಡಿದ ಮನುಷ್ಯ ಚಿಕ್ಕಂದಿನಲ್ಲೇ ಕ್ಯೂ ತಪ್ಪಿಸಿಕೊಂಡಿದ್ದ ಅಂತ ನಮಗೆ ಇದನ್ನ ಓದಿ ನಗು ಬಂತು. ನಕ್ಷತ್ರ ಅಂದ್ರೆ ಹುಚ್ಚು, ಖಗೋಳದ ಮೇಲೆ ಪದ್ಯ ಬರೀತಿದ್ದ.

14ನೇ ವಯಸ್ಸಿಗೆ ಕೋಪನ್‌ಹೇಗನ್‌ಗೆ ಹೋಗಿ ವಿಶ್ವವಿದ್ಯಾಲಯದ ಪ್ರಿಲಿಮಿನರಿ ಪರೀಕ್ಷೆ ಬರೆದರು. ವಯಸ್ಸು ಸಾಲದು ಅಂತ ಇದಕ್ಕೆ ವಿಶೇಷ ಅನುಮತಿ ತಗೋಬೇಕಾಯ್ತು. ಡಿಸ್ಟಿಂಕ್ಷನ್‌ನಲ್ಲಿ ಪಾಸಾಗಿ ವಾಪಸ್ ಹಳ್ಳಿಗೆ ಬಂದು ಎರಡು ವರ್ಷ ಅಪ್ಪನ ಶಾಲೆಯಲ್ಲೇ ಸಹಾಯಕ ಮೇಷ್ಟ್ರಾಗಿದ್ದರು. ಆಮೇಲೆ ಹಿಲ್ಲರೋಡ್ ಅನ್ನೋ ಊರಲ್ಲಿ ಓದಿ, 1896ರಲ್ಲಿ ಪ್ರವೇಶ ಪರೀಕ್ಷೆ ಪಾಸ್ ಮಾಡಿ, ಸ್ಕಾಲರ್‌ಶಿಪ್ ಮೇಲೆ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದರು. ಮನೆಯಲ್ಲಿ ಅಷ್ಟು ದುಡ್ಡಿರಲಿಲ್ಲ. 1901ರಲ್ಲಿ ಗಣಿತದಲ್ಲಿ ಪದವಿ. ಜೊತೆಗೆ ಖಗೋಳ, ಭೌತಶಾಸ್ತ್ರ, ರಸಾಯನಶಾಸ್ತ್ರ.

ಆಮೇಲಿನ ಏಳು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಪಾಠ ಮಾಡಿದರು. ಜೀವನಚರಿತ್ರೆಗಳಲ್ಲಿ ಈ ಏಳು ವರ್ಷಕ್ಕೆ ಒಂದೇ ಸಾಲು ಕೊಡ್ತಾರೆ. ನಮಗೆ ಮಾತ್ರ ಅದನ್ನ ದಾಟಿ ಹೋಗೋಕೆ ಮನಸ್ಸಾಗಲಿಲ್ಲ. ಪ್ಲೇಸ್‌ಮೆಂಟ್ ಪ್ಯಾಕೇಜ್ ಬಗ್ಗೆ ಎರಡನೇ ವರ್ಷದಲ್ಲೇ ತಲೆ ಕೆಡಿಸಿಕೊಳ್ಳೋ ನಮ್ಮಂಥವರಿಗೆ, 30 ವರ್ಷದ ತನಕ ಸ್ಕೂಲ್ ಮೇಷ್ಟ್ರಾಗಿದ್ದು ಆಮೇಲೆ ಒಂದು ಶಾಸ್ತ್ರವನ್ನೇ ಶುರು ಮಾಡಿದವರೊಬ್ಬರು ಇದ್ದರು ಅನ್ನೋದು ಸಣ್ಣ ವಿಷಯ ಅಲ್ಲ. ಆ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. 1904ರಲ್ಲಿ ಹೈಗೆನ್ಸ್‌ನ ಗಣಿತದ ಬಗ್ಗೆ ಬರೆದ ಪ್ರಬಂಧಕ್ಕೆ ವಿಶ್ವವಿದ್ಯಾಲಯದ ಮನ್ನಣೆ ಸಿಕ್ಕಿತು. ಡ್ಯಾನಿಶ್ ಗಣಿತಜ್ಞರ ಸಂಘದ ಸಭೆಗಳಿಗೆ ತಪ್ಪದೆ ಹೋಗ್ತಿದ್ದರು.

ಆ ಸಭೆಯಲ್ಲೇ ಯೋಹಾನ್ ಯೆನ್ಸನ್ ಪರಿಚಯವಾದದ್ದು. ನಾವು ಜೆನ್ಸನ್ ಇನ್‌ಇಕ್ವಾಲಿಟಿ ಅಂತ ಓದ್ತೀವಲ್ಲ, ಅದೇ ಯೆನ್ಸನ್. ಗಣಿತ ಅವರ ಹೊತ್ತುಹೋಗದ ಹೊತ್ತಿನ ಕೆಲಸ. ಸಂಬಳ ಬರ್ತಿದ್ದುದು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್ ಕೆಲಸದಿಂದ. ಅವರು ಎರ್ಲಾಂಗ್‌ರನ್ನ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಫ್ರಿಟ್ಸ್ ಯೊಹಾನ್ಸನ್‌ಗೆ ಪರಿಚಯ ಮಾಡಿಸಿದರು. ಈ ಯೊಹಾನ್ಸನ್ ಕೂಡ ವಿಚಿತ್ರ ಬಾಸ್. ಟೆಲಿಫೋನ್ ಕಾಯೋ ಸಮಸ್ಯೆಗೆ ಪ್ರಾಬಬಿಲಿಟಿ ಹಚ್ಚಬಹುದಾ ಅಂತ ತಾವೇ ಕೂತು ಪ್ರಯತ್ನ ಮಾಡಿದ್ದವರು. 1908ರಲ್ಲಿ ಎರ್ಲಾಂಗ್ ಕಂಪನಿ ಸೇರಿದರು. ಅಲ್ಲಿಯ ಲ್ಯಾಬೊರೇಟರಿಗೆ ಅವರೇ ಮುಖ್ಯಸ್ಥರು.

ಮುಖ್ಯಸ್ಥರು ಅಂದ್ರೆ ಎ.ಸಿ. ರೂಮು, ಕೈಕೆಳಗೆ ಹತ್ತು ಜನ ಅಂತ ಅಂದ್ಕೋಬೇಡಿ. ಮೊದಮೊದಲು ಲ್ಯಾಬ್‌ಗೆ ಸಿಬ್ಬಂದಿಯೇ ಇರಲಿಲ್ಲ. ನೆಲದಡಿಯ ಕೇಬಲ್‌ಗಳಿಂದ ಸೋರಿ ಅಡ್ಡಾಡೋ ಕರೆಂಟ್ ಎಷ್ಟು ಅಂತ ಅಳೆಯೋ ಕೆಲಸ ಇತ್ತು. ಅದಕ್ಕೆ ಎರ್ಲಾಂಗ್ ತಾವೇ ಹೋಗಬೇಕು. ಕೋಪನ್‌ಹೇಗನ್ ಬೀದಿಯಲ್ಲಿ ಒಬ್ಬ ಗಣಿತಜ್ಞ, ಹಿಂದೆ ಏಣಿ ಹೊತ್ತ ಒಬ್ಬ ಕೆಲಸದಾಳು. ಮ್ಯಾನ್‌ಹೋಲ್ ಮುಚ್ಚಳ ತೆಗೆದು ಏಣಿ ಇಟ್ಟು ಒಳಗಿಳಿದು ಅಳೆದು ಮೇಲೆ ಬರೋದು, ಮತ್ತೆ ಮುಂದಿನ ಮ್ಯಾನ್‌ಹೋಲ್. ಆ ಕಾಲದ ಊರವರಿಗೆ ಇದು ಆಗಾಗ ಕಾಣೋ ದೃಶ್ಯವಾಗಿತ್ತಂತೆ. ಟ್ರೇಸಿಂಗ್ ಅಂದ್ರೆ ಏನು ಅಂತ ಯಾರಾದರೂ ಜೂನಿಯರ್ ಕೇಳಿದರೆ ನಾವು ಈಗ ಇದನ್ನೇ ಹೇಳ್ತೀವಿ. ಆಫೀಸಲ್ಲಿ ಕೂತು ಒಟ್ಟು ಬಿಲ್ ನೋಡೋದು ಮೆಟ್ರಿಕ್ಸ್. ದಾರಿಯುದ್ದಕ್ಕೂ ನಡೆದು ಪ್ರತಿ ಮ್ಯಾನ್‌ಹೋಲ್‌ಗೂ ಇಳಿದು ಎಲ್ಲಿ ಎಷ್ಟು ಸೋರ್ತಿದೆ ಅಂತ ಬರ್ಕೊಳ್ಳೋದು ಟ್ರೇಸಿಂಗ್.

ಈಗ ಅವರ ಮುಖ್ಯ ಸಮಸ್ಯೆಗೆ ಬರೋಣ. ಆಗಿನ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್‌ಗಳು ಕೂತಿರ್ತಿದ್ದರು. ನೀವು ಫೋನ್ ಎತ್ತಿದರೆ ಅಲ್ಲಿ ಸೂಚನೆ ಬರುತ್ತೆ, ಆಪರೇಟರ್ ಪ್ಲಗ್ ಚುಚ್ಚಿ ಯಾರು ಬೇಕು ಅಂತ ಕೇಳಿ, ಆ ಲೈನಿಗೆ ಕೈಯಲ್ಲೇ ಜೋಡಿಸ್ತಾರೆ. ನಮ್ಮ ಅಜ್ಜ ಅಜ್ಜಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯ್ತಿದ್ದ ಕಥೆ ಹೇಳ್ತಾರಲ್ಲ, ಹೆಚ್ಚುಕಮ್ಮಿ ಆ ಥರ. ಎರಡು ಎಕ್ಸ್‌ಚೇಂಜ್‌ಗಳ ನಡುವೆ ಎಳೆದಿರೋ ಲೈನ್‌ಗಳು ಇಂತಿಷ್ಟೇ. ಅಷ್ಟೂ ಲೈನ್ ಬಿಜಿ ಇದ್ದಾಗ ಬಂದ ಕಾಲ್ ಬಿದ್ದುಹೋಗುತ್ತೆ, ಇಲ್ಲಾ ಕಾಯಬೇಕಾಗುತ್ತೆ. ಲೈನ್ ಜಾಸ್ತಿ ಎಳೆದರೆ ತಾಮ್ರಕ್ಕೆ ದುಡ್ಡು. ಕಮ್ಮಿ ಎಳೆದರೆ ಗಿರಾಕಿ ಬೈಗುಳ. ಡಾಕ್ಟರಿಗೆ ಫೋನ್ ಮಾಡಿದವನಿಗೆ ಲೈನ್ ಸಿಗದೇ ಇದ್ದರೆ ಬರೀ ಬೈಗುಳಕ್ಕೆ ನಿಲ್ಲಲ್ಲ. ಹಾಗಾದ್ರೆ ಎಷ್ಟು ಲೈನ್ ಸಾಕು?

ಸರಾಸರಿ ತಗೊಂಡ್ರೆ ಉತ್ತರ ಸುಲಭ ಅನ್ಸುತ್ತೆ. ಗಂಟೆಗೆ 200 ಕಾಲ್, ಒಂದೊಂದು 3 ನಿಮಿಷ. ಒಟ್ಟು 600 ನಿಮಿಷ, ಅಂದ್ರೆ 10 ಗಂಟೆ ಮಾತು. ಒಂದು ಗಂಟೆಯಲ್ಲಿ 10 ಗಂಟೆ ಮಾತು ಹಿಡಿಸಬೇಕು ಅಂದ್ರೆ 10 ಲೈನ್. ಮೀಟಿಂಗ್‌ನಲ್ಲಿ ನಾವೂ ಹೀಗೇ ಗುಣಿಸಿದ್ದು. ಆದರೆ ಜನ ಟೈಮ್‌ಟೇಬಲ್ ನೋಡಿಕೊಂಡು ಫೋನ್ ಮಾಡಲ್ಲ. ಐದು ನಿಮಿಷ ಯಾರೂ ಮಾಡಲ್ಲ, ಆಮೇಲೆ ಒಂದೇ ನಿಮಿಷಕ್ಕೆ ಒಂಬತ್ತು ಜನ. 1909ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಎರ್ಲಾಂಗ್ ತೋರಿಸಿದ್ದು ಇದನ್ನೇ. ಕಾಲ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮ ಪಾಡಿಗೆ ತಾವು ಬರ್ತಿದ್ದರೆ, ಒಂದು ಅವಧಿಯಲ್ಲಿ ಎಷ್ಟು ಬರುತ್ತವೆ ಅನ್ನೋದು ಪಾಯ್ಸಾನ್ ಡಿಸ್ಟ್ರಿಬ್ಯೂಷನ್ ಪ್ರಕಾರ ನಡೆಯುತ್ತೆ. ಮ್ಯಾಥ್ಸ್ ಪೇಪರ್‌ನಲ್ಲಿ ಟೈಪಿಂಗ್ ತಪ್ಪುಗಳ ಲೆಕ್ಕ ಮಾಡಿ ಮರೆತುಬಿಟ್ಟ ಅದೇ ಪಾಯ್ಸಾನ್.

ಎಂಟು ವರ್ಷ ಬಿಟ್ಟು, 1917ರಲ್ಲಿ, ದೊಡ್ಡ ಲೇಖನ ಬಂತು. ಡ್ಯಾನಿಶ್‌ನಲ್ಲಿ ಬಂದು, ಕೂಡಲೇ ಬ್ರಿಟಿಷ್ ಪೋಸ್ಟ್ ಆಫೀಸ್ ಎಂಜಿನಿಯರ್‌ಗಳ ಜರ್ನಲ್‌ನಲ್ಲಿ ಇಂಗ್ಲಿಷ್‌ಗೂ ಬಂತು. ಅದರಲ್ಲಿ ಎರಡು ಸೂತ್ರಗಳಿವೆ. ಎಲ್ಲ ಲೈನ್ ಬಿಜಿ ಇದ್ದಾಗ ಕಾಲ್ ಬಿದ್ದುಹೋಗೋ ಕಡೆ ಎಷ್ಟು ಪಾಲು ಬೀಳುತ್ತೆ ಅನ್ನೋದು ಒಂದು. ಇವತ್ತು ಅದಕ್ಕೆ ಎರ್ಲಾಂಗ್ ಬಿ ಅಂತಾರೆ. ಬೀಳದೆ ಸಾಲಲ್ಲಿ ಕಾಯೋ ಕಡೆ ಎಷ್ಟು ಪಾಲು ಕಾಯಬೇಕು ಅನ್ನೋದು ಇನ್ನೊಂದು, ಎರ್ಲಾಂಗ್ ಸಿ. ಸೂತ್ರಕ್ಕೆ ಬೇಕಾಗೋದು ಎರಡೇ ಅಂಕಿ. ಲೈನ್ ಎಷ್ಟಿವೆ, ಲೋಡ್ ಎಷ್ಟಿದೆ. ಲೋಡ್ ಅಂದ್ರೆ ಬರೋ ವೇಗ ಗುಣಿಸು ಒಂದೊಂದಕ್ಕೆ ಹಿಡಿಯೋ ಸಮಯ.

ನಾವು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಹತ್ತು ಸಾಲಿನ ಪೈಥಾನ್ ಬರೆದು ನೋಡಿದ್ವಿ. ಮೇಲಿನ ಉದಾಹರಣೆಯ ಲೋಡ್‌ಗೆ, ಅಂದ್ರೆ 10ಕ್ಕೆ, 10 ಲೈನ್ ಕೊಟ್ಟರೆ ನೂರಕ್ಕೆ 21 ಕಾಲ್ ಬಿದ್ದುಹೋಗ್ತವೆ. ಗುಣಿಸಿ ತೃಪ್ತಿಪಟ್ಟ ಮ್ಯಾನೇಜರ್ ಐದರಲ್ಲಿ ಒಬ್ಬ ಗಿರಾಕಿಯನ್ನ ಕಳಕೊಂಡ ಹಾಗಾಯ್ತು. 15 ಲೈನ್‌ಗೆ ನೂರಕ್ಕೆ 3.6ರಷ್ಟು. ನೂರಕ್ಕೆ ಒಂದಕ್ಕಿಂತ ಕಮ್ಮಿ ಆಗಬೇಕು ಅಂದ್ರೆ 18 ಲೈನ್ ಬೇಕು. ಇನ್ನೊಂದು ವಿಷಯ ನಮ್ಮನ್ನ ಇನ್ನೂ ಬೆಚ್ಚಿಬೀಳಿಸ್ತು. ಇಂಥ ಎರಡು ಗುಂಪುಗಳನ್ನ ಬೇರೆಬೇರೆ ಇಟ್ಟರೆ 18 ಮತ್ತು 18, ಒಟ್ಟು 36 ಲೈನ್. ಎರಡನ್ನೂ ಸೇರಿಸಿ ಒಂದೇ ಗುಂಪು ಮಾಡಿದರೆ ಅದೇ ಗುಣಮಟ್ಟಕ್ಕೆ 30 ಸಾಕು. ಆರು ಲೈನಿನ ತಾಮ್ರ ಬರೀ ಪೆನ್ನಲ್ಲೇ ಉಳೀತು. ಎರ್ಲಾಂಗ್ ಕೈಯಲ್ಲಿ ಪೈಥಾನ್ ಇರಲಿಲ್ಲ. ಅವರು ಕೋಷ್ಟಕಗಳನ್ನ ಕೈಯಲ್ಲೇ ಲೆಕ್ಕ ಹಾಕಿದ್ದು. ಅಂಕಿ ಕೋಷ್ಟಕ ಅಂದ್ರೆ ಅವರಿಗೆ ಪ್ರೀತಿಯೇ ಇತ್ತು, ಲಾಗರಿದಮ್ ಕೋಷ್ಟಕಗಳನ್ನೂ ಪ್ರಕಟಿಸಿದ್ದಾರೆ.

ಬ್ರಿಟಿಷ್ ಪೋಸ್ಟ್ ಆಫೀಸ್ ಈ ಸೂತ್ರವನ್ನ ಒಪ್ಪಿ ಬಳಸ್ತು. ಎರ್ಲಾಂಗ್ ಬರವಣಿಗೆ ಮಾತ್ರ ಬಹಳ ಬಿಗಿ. ಮೂರು ಸಾಲಿನ ಪ್ರೂಫ್ ಬೇಕಾದ ಕಡೆ ಒಂದು ಸಾಲೂ ಇರಲ್ಲ, ಕೆಲವು ಕಡೆ ಉತ್ತರ ಮಾತ್ರ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಒಬ್ಬ ಸಂಶೋಧಕರು ಇವರ ಲೇಖನಗಳನ್ನ ಮೂಲದಲ್ಲೇ ಓದಬೇಕು ಅಂತ ಡ್ಯಾನಿಶ್ ಕಲಿತರಂತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಈಗ ಕ್ಲಬ್‌ಗೆ ಬಂದು ಕನ್ನಡದಲ್ಲಿ ಬರೆಯೋಕೆ ಒದ್ದಾಡ್ತಿರೋ ನಮಗೆ ಈ ಸುದ್ದಿ ಯಾಕೋ ತುಂಬ ಖುಷಿ ಕೊಡ್ತು. ಒಳ್ಳೆ ಕೆಲಸ ಇದ್ದರೆ ಸಣ್ಣ ದೇಶದ ಭಾಷೆಯನ್ನೂ ಜನ ಹುಡುಕಿಕೊಂಡು ಬರ್ತಾರೆ ಅಂತಾಯ್ತು.

ಅಳೆಯೋ ಉಪಕರಣದ ಬಗ್ಗೆಯೂ ಅವರು ಸುಮ್ಮನಿರಲಿಲ್ಲ. ಟೆಲಿಫೋನ್ ಕರೆಂಟ್‌ಗಳನ್ನ ಅಳೆಯೋಕೆ ಡ್ಯಾನಿಶ್ ವಿಜ್ಞಾನಿ ಅಬ್ಸಲೋನ್ ಲಾರ್ಸನ್ ಮಾಡಿದ್ದ ಒಂದು ಕಾಂಪನ್ಸೇಟರ್ ಇತ್ತು. ಅದನ್ನೇ ಸುಧಾರಿಸಿ ಎರ್ಲಾಂಗ್ ತಮ್ಮದೊಂದು ಕಾಂಪ್ಲೆಕ್ಸ್ ಕಾಂಪನ್ಸೇಟರ್ ಮಾಡಿದರು. ಇದ್ದ ಟೂಲ್‌ಗಳಲ್ಲಿ ಯಾವುದು ಫೇಮಸ್ ಅಂತ ನೋಡಲಿಲ್ಲ, ತಮ್ಮ ಪ್ರಶ್ನೆಗೆ ಯಾವುದು ಉತ್ತರ ಕೊಡುತ್ತೆ ಅಂತ ನೋಡಿದರು. ಕೊಡದಿದ್ದಾಗ ಅದನ್ನ ತಿದ್ದಿಕೊಂಡರು.

ಇಲ್ಲಿ ನಮ್ಮ ಮೀಟಿಂಗ್‌ಗೆ ವಾಪಸ್ ಬರ್ತೀವಿ. ಎರ್ಲಾಂಗ್ ಬಗ್ಗೆ ಓದಿದ ಮೇಲೆ ನಾವು ಟೂಲ್‌ಗಳ ಪಟ್ಟಿ ಪಕ್ಕಕ್ಕಿಟ್ಟು ಪ್ರಶ್ನೆಗಳ ಪಟ್ಟಿ ಮಾಡಿದ್ವಿ. ಬಿಜಿ ಅವರ್‌ನಲ್ಲಿ ರಿಕ್ವೆಸ್ಟ್ ಎಷ್ಟು ವೇಗದಲ್ಲಿ ಬರುತ್ತೆ? ಒಂದೊಂದಕ್ಕೆ ಎಷ್ಟು ಹೊತ್ತು? ಆ ಹೊತ್ತಿನಲ್ಲಿ ಕೆಲಸ ಎಷ್ಟು, ಕಾಯೋದು ಎಷ್ಟು, ಯಾವ ಬಾಗಿಲಲ್ಲಿ ಕಾಯೋದು? ಮೊದಲ ಎರಡಕ್ಕೆ ಪ್ರೊಮಿಥಿಯಸ್ ಸಾಕು. ಅದು ಪ್ರತಿ ಸರ್ವಿಸ್ ಹತ್ತಿರವೂ ಆಗಾಗ ಹೋಗಿ ಅಂಕಿ ತರುತ್ತೆ, ಹಿಸ್ಟೋಗ್ರಾಮ್ ಇಟ್ಟುಕೊಂಡರೆ ಸರಾಸರಿ ಅಷ್ಟೇ ಅಲ್ಲ, ನೂರರಲ್ಲಿ ತೀರಾ ನಿಧಾನದ ಐದು ಹೇಗಿವೆ ಅಂತಲೂ ಅಂದಾಜು ಸಿಗುತ್ತೆ. ಮೂರನೇ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡಲ್ಲ. ಒಂದು ರಿಕ್ವೆಸ್ಟ್ ಐದು ಸರ್ವಿಸ್ ಸುತ್ತಿ ಬಂದ ದಾರಿ ಕಾಣಬೇಕು ಅಂದ್ರೆ ಟ್ರೇಸಿಂಗ್ ಬೇಕೇ ಬೇಕು. ಪ್ರತಿ ರಿಕ್ವೆಸ್ಟ್‌ಗೂ ಒಂದು ಐಡಿ ಕೊಟ್ಟು, ಅದನ್ನ ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಹೆಡರ್‌ನಲ್ಲಿ ಕಳಿಸ್ತಾ, ಪ್ರತಿ ಹೆಜ್ಜೆಯ ಶುರು ಮತ್ತು ಕೊನೆಯನ್ನ ಸ್ಪ್ಯಾನ್ ಅಂತ ಬರೆದಿಡೋದು. ಗೂಗಲ್ 2010ರಲ್ಲಿ ತನ್ನ ಡ್ಯಾಪರ್ ಬಗ್ಗೆ ಬರೆದ ಮೇಲೆ ಈ ಪದ್ಧತಿ ಎಲ್ಲ ಕಡೆ ಹಬ್ಬಿತು. 2012ರಲ್ಲಿ ಟ್ವಿಟರ್‌ನಿಂದ ಜಿಪ್ಕಿನ್, 2017ರಲ್ಲಿ ಊಬರ್‌ನಿಂದ ಜೇಗರ್ ಓಪನ್ ಸೋರ್ಸ್ ಆಗಿ ಹೊರಬಂದವು.

ಜಿಪ್ಕಿನ್ನಾ ಜೇಗರ್ರಾ ಅಂತ ಎರಡು ವಾರ ಹೊಡೆದಾಡಿದ್ದಕ್ಕೆ ಈಗ ನಾಚಿಕೆ ಆಗುತ್ತೆ. ನಮ್ಮ ಅಳತೆಗೆ ಎರಡೂ ಆಗುತ್ತೆ. ಎರಡನ್ನೂ ಒಂದೇ ಮೆಷಿನ್‌ನಲ್ಲಿ, ಡೇಟಾಬೇಸ್ ಇಲ್ಲದೆ, ಮೆಮೊರಿಯಲ್ಲೇ ಇಟ್ಟುಕೊಂಡು ಓಡಿಸಬಹುದು; ರೀಸ್ಟಾರ್ಟ್ ಮಾಡಿದರೆ ಹಳೇದು ಹೋಗುತ್ತೆ ಅಷ್ಟೇ. ಕಾಳಜಿ ಇಡಬೇಕಾದ್ದು ಕೋಡ್ ಒಳಗೆ ಅಳೆಯೋ ಸಾಲುಗಳನ್ನ ಯಾವ ಭಾಷೆಯಲ್ಲಿ ಬರೀತೀವಿ ಅನ್ನೋದರ ಮೇಲೆ. ಅದನ್ನ 2019ರಲ್ಲಿ ಶುರುವಾದ ಓಪನ್‌ಟೆಲಿಮೆಟ್ರಿಯಲ್ಲಿ ಬರೆದರೆ, ನಾಳೆ ಹಿಂದಿನ ಟೂಲ್ ಬದಲಾಯಿಸಿದರೂ ಕೋಡ್ ಮುಟ್ಟಬೇಕಿಲ್ಲ. ದುಡ್ಡಿನ ಟೂಲ್ ಬಿಟ್ಟಿದ್ದು ಇದೇ ಕಾರಣಕ್ಕೆ. ಅದರದ್ದೇ ಏಜೆಂಟ್ ಹಾಕಿಕೊಂಡರೆ, ಟ್ರಯಲ್ ಮುಗಿದ ದಿನ ನಮ್ಮ ಕಣ್ಣೂ ಮುಚ್ಚಿಹೋಗ್ತಿತ್ತು. ಸ್ಯಾಂಪ್ಲಿಂಗ್ ಬಗ್ಗೆಯೂ ವಾದ ಆಯ್ತು. ಡ್ಯಾಪರ್‌ನ ಮೊದಲ ಆವೃತ್ತಿ 1024 ರಿಕ್ವೆಸ್ಟ್‌ಗೆ ಒಂದನ್ನ ಮಾತ್ರ ಹಿಡಿದಿಡ್ತಿತ್ತು, ಯಾಕಂದ್ರೆ ಅಳೆಯೋ ಕೆಲಸವೇ ಹೊರೆ ಆಗಬಾರದು. ಗೂಗಲ್ ಮಾಡಿದೆ ಅಂತ ನಾವೂ ಹಾಗೆ ಮಾಡಿದ್ರೆ ಇಡೀ ಸಂಜೆಗೆ ಬೆರಳೆಣಿಕೆಯಷ್ಟು ಟ್ರೇಸ್ ಸಿಗ್ತಿದ್ದವು. ನಮ್ಮದು ಸಣ್ಣ ಟ್ರಾಫಿಕ್, ಪೂರ್ತಿ ನೂರಕ್ಕೆ ನೂರು ಹಿಡಿಯೋಣ ಅಂತ ತೀರ್ಮಾನ ಆಯ್ತು. ಕೊನೆಗೆ ಜೇಗರ್ ತಗೊಂಡ್ವಿ. ಕಾರಣ ಹೇಳಬೇಕು ಅಂದ್ರೆ, ನಮ್ಮಲ್ಲಿ ಒಬ್ಬರಿಗೆ ಅದು ಮೊದಲೇ ಗೊತ್ತಿತ್ತು.

ಎರ್ಲಾಂಗ್ ಅವರ ಮಿಕ್ಕ ಬದುಕು ಸದ್ದಿಲ್ಲದ್ದು. ಮದುವೆ ಆಗಲಿಲ್ಲ. ಮನೆತುಂಬ ಪುಸ್ತಕ, ಮುಖ್ಯವಾಗಿ ಗಣಿತ, ಖಗೋಳ, ಭೌತಶಾಸ್ತ್ರದ್ದು. ದುಡ್ಡಿಲ್ಲದೆ ಕಷ್ಟದಲ್ಲಿರೋರು ಲ್ಯಾಬ್‌ಗೇ ಬಂದು ಸಹಾಯ ಕೇಳ್ತಿದ್ದರಂತೆ; ಅವರು ಯಾರಿಗೂ ಗೊತ್ತಾಗದ ಹಾಗೆ ಕೊಟ್ಟು ಕಳಿಸ್ತಿದ್ದರು. ಸುಮಾರು 20 ವರ್ಷ ಅದೇ ಕಂಪನಿ. ಕಾಯಿಲೆ ಅಂತ ಒಂದು ದಿನವೂ ರಜೆ ಹಾಕಿರಲಿಲ್ಲವಂತೆ. ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್‌ನಲ್ಲಿ ಹೆಸರು ಹುಡುಕೋ ನಾವು ಇದನ್ನ ಓದಿ ಸುಮ್ಮನಾದ್ವಿ. 1929ರ ಜನವರಿಯಲ್ಲಿ ಹೊಟ್ಟೆಯ ಆಪರೇಷನ್‌ಗೆ ಆಸ್ಪತ್ರೆ ಸೇರಬೇಕಾಯ್ತು. ಫೆಬ್ರವರಿ 3ರ ಭಾನುವಾರ ತೀರಿಕೊಂಡರು. ವಯಸ್ಸು 51.

ಹೆಸರು ದೊಡ್ಡದಾಗಿದ್ದು ಆಮೇಲೆ. 1946ರಲ್ಲಿ ಟೆಲಿಫೋನ್‌ನ ಅಂತರರಾಷ್ಟ್ರೀಯ ಸಮಿತಿ ಟ್ರಾಫಿಕ್ ಲೋಡಿನ ಯೂನಿಟ್‌ಗೆ ಎರ್ಲಾಂಗ್ ಅಂತ ಹೆಸರಿಟ್ಟಿತು. ಒಂದು ಲೈನ್ ಇಡೀ ಹೊತ್ತು ಬಿಜಿ ಇದ್ದರೆ ಅದು 1 ಎರ್ಲಾಂಗ್. 1948ರಲ್ಲಿ ಅವರ ಕಂಪನಿಯೇ ಅವರ ಬದುಕು ಮತ್ತು ಲೇಖನಗಳ ಪುಸ್ತಕ ತಂದಿತು. 1980ರ ದಶಕದಲ್ಲಿ ಸ್ವೀಡನ್‌ನ ಎರಿಕ್ಸನ್ ಕಂಪನಿಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಒಂದು ಭಾಷೆ ಕಟ್ಟಿದಾಗ ಅದಕ್ಕೆ ಇಟ್ಟಿದ್ದೂ ಅದೇ ಹೆಸರು. ಎರಿಕ್ಸನ್ ಲ್ಯಾಂಗ್ವೇಜ್ ಅನ್ನೋದರ ಮೊದಲಕ್ಷರಗಳೂ ಕೂಡಿ ಬರುತ್ತವೆ, ಬೇಕಂತಲೇ ಮಾಡಿದ ಶ್ಲೇಷೆ. 1998ರಲ್ಲಿ ಅದು ಓಪನ್ ಸೋರ್ಸ್ ಆಯ್ತು. ವಾಟ್ಸ್ಆ್ಯಪ್ ಸರ್ವರ್‌ಗಳು ಆ ಭಾಷೆಯಲ್ಲೇ ಬೆಳೆದವು, ರ್‍ಯಾಬಿಟ್‌ಎಂಕ್ಯೂ ಕೂಡ. ಹಾಗಾಗಿ ಅದು ನಮ್ಮ ಲ್ಯಾಪ್‌ಟಾಪ್ ತನಕ ಬಂತು.

ಜೇಗರ್ ಹಾಕಿ ಮೊದಲ ಲೋಡ್ ಟೆಸ್ಟ್ ಮಾಡಿದ ರಾತ್ರಿ ಆದದ್ದು ಇದು. ಸೆಕೆಂಡಿಗೆ ಸರಾಸರಿ 10 ರಿಕ್ವೆಸ್ಟ್, ನಡುವಿನ ಗ್ಯಾಪ್ ರ್‍ಯಾಂಡಮ್. ಪ್ರೊಮಿಥಿಯಸ್‌ನಲ್ಲಿ ಎಲ್ಲ ಹಸಿರು. ಸರ್ವರ್ ಸಿಪಿಯು ಆರಾಮ, ಡೇಟಾಬೇಸ್ ಸಿಪಿಯು ಅದಕ್ಕಿಂತ ಆರಾಮ. ಆದರೂ ರಿಜಿಸ್ಟ್ರೇಷನ್ ನಿಧಾನ. ಟ್ರೇಸ್ ತೆಗೆದು ನೋಡಿದರೆ ಎಲ್ಲರೂ ಬೈದಿದ್ದ ಪೇಮೆಂಟ್ ಸ್ಪ್ಯಾನ್ ಪುಟ್ಟದು. ರಿಜಿಸ್ಟ್ರೇಷನ್ ಸರ್ವಿಸ್ ಒಳಗೆ ಮಾತ್ರ ಏನೂ ನಡೆಯದ ಉದ್ದನೆ ಖಾಲಿ ಜಾಗ. ಲೈಬ್ರರಿ ತಾನಾಗಿ ಕೊಡೋ ಸ್ಪ್ಯಾನ್‌ಗಳಲ್ಲಿ ಅದು ಏನು ಅಂತ ಇರಲಿಲ್ಲ. ಆ ಮ್ಯಾನ್‌ಹೋಲ್‌ಗೆ ನಾವೇ ಇಳೀಬೇಕಾಯ್ತು: ಡೇಟಾಬೇಸ್ ಕನೆಕ್ಷನ್ ಕೇಳೋ ಸಾಲಿನ ಸುತ್ತ ಕೈಯಾರೆ ಒಂದು ಸ್ಪ್ಯಾನ್ ಬರೆದ್ವಿ. ಖಾಲಿ ಜಾಗ ಪೂರ್ತಿ ಅಲ್ಲೇ ಇತ್ತು. ಕನೆಕ್ಷನ್ ಪೂಲ್‌ನ ಅಳತೆ 5 ಅಂತ ಯಾವತ್ತೋ ಯಾರೋ ಇಟ್ಟಿದ್ದರು. ಪ್ರತಿ ರಿಕ್ವೆಸ್ಟ್ ಕನೆಕ್ಷನ್ ಹಿಡ್ಕೊಳ್ಳೋದು 0.4 ಸೆಕೆಂಡ್. 10 ಗುಣಿಸು 0.4, ಲೋಡ್ 4 ಎರ್ಲಾಂಗ್. ಐದು ಲೈನ್, ನಾಲ್ಕು ಎರ್ಲಾಂಗ್. ಗುಣಿಸಿ ನೋಡಿದವರಿಗೆ ಒಂದು ಲೈನ್ ಮಿಕ್ಕಿದೆ ಅನ್ಸುತ್ತೆ. ಎರ್ಲಾಂಗ್ ಸಿ ಹಾಕಿದರೆ ನೂರಕ್ಕೆ 55 ರಿಕ್ವೆಸ್ಟ್ ಕಾಯಬೇಕು. ಟ್ರೇಸ್‌ನಲ್ಲಿ ಕಂಡದ್ದೂ ಹೆಚ್ಚುಕಮ್ಮಿ ಅರ್ಧ. ಪೂಲ್ ಅನ್ನು 8 ಮಾಡಿದರೆ ಸೂತ್ರದ ಪ್ರಕಾರ ನೂರಕ್ಕೆ 6. ಒಂದು ಅಂಕಿ ಬದಲಾಯಿಸಿ ಮತ್ತೆ ಓಡಿಸಿದ್ವಿ, ಖಾಲಿ ಜಾಗ ಕಾಣೆಯಾಯ್ತು. ಪೇಮೆಂಟ್ ಬರೆದ ಅಣ್ಣನಿಗೆ ಆ ರಾತ್ರಿಯೇ ಸ್ಕ್ರೀನ್‌ಶಾಟ್ ಕಳಿಸಿ ಸಾರಿ ಕೇಳಿದ್ವಿ. ಒಂದು ವರ್ಷ ಪಾಪ ಸುಮ್ಮನೆ ಬೈಸಿಕೊಂಡಿದ್ದರು.

ಒಂದು ಅನುಮಾನ ಇನ್ನೂ ಉಳಿದಿದೆ. ಎರ್ಲಾಂಗ್ ಲೆಕ್ಕ ನಿಂತಿರೋದು ಕಾಲ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರ್ತವೆ ಅನ್ನೋದರ ಮೇಲೆ. ಫೆಸ್ಟ್‌ನಲ್ಲಿ ಹಾಗಲ್ಲ, ಗ್ರೂಪ್‌ನಲ್ಲಿ ಲಿಂಕ್ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಮುಗಿಬೀಳ್ತಾರೆ. ಅದಕ್ಕೆ ಪೂಲ್ ಅನ್ನು 12ಕ್ಕೆ ಇಟ್ಟಿದ್ದೀವಿ, ಲಿಂಕ್ ಅನ್ನೂ ಬ್ರಾಂಚ್‌ಗೊಂದು ಹೊತ್ತಿಗೆ ಬಿಡೋಣ ಅಂತ ಮಾತಾಗಿದೆ. ರಿಜಿಸ್ಟ್ರೇಷನ್ ಮುಂದಿನ ತಿಂಗಳು. ಮೊದಲ ಒಂದು ಗಂಟೆ ಜೇಗರ್ ಮುಂದೆ ಯಾರು ಕೂರಬೇಕು ಅಂತ ಡ್ಯೂಟಿ ಪಟ್ಟಿ ಹಾಕಿ ಆಗಿದೆ.